ಕರೆಸಿಕೊಂಡ ತಜ್ಞರು

ದೌಂಡ ಎಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಾಗುವುದು ಇಂಜಿನ್ ತಿರುಗಿಸುವ ಸ್ಟೇಶನ್. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲಿ ನಿಲ್ಲುತ್ತಿತ್ತು. ಮುಂದಿದ್ದ ಇಂಜಿನ್ ಬಿಚ್ಚಿಕೊಂಡು ಇನ್ನೊಂದು ತುದಿಗೆ ಹೋಗಿ ಸೇರುವ ತನಕ ಪ್ರಯಾಣಿಕರು ಇಳಿದು ಚಹ ಕುಡಿಯುತ್ತಿದ್ದರು. ಗಾಡಿ ಬಂದ ಮುಖವನ್ನು ಬದಲಿಸಿ ಮನಮಾಡದ ಹಾದಿ ಹಿಡಿಯುತ್ತಿತ್ತು. ಈಗ ಊರ ಹೊರಗೆ ಕಾರ್ಡ್ ಲೈನ್ ಆಗಿ ಆ ಕೆಲಸವೂ ತಪ್ಪಿದೆ, ಆ ಚಹವೂ ತಪ್ಪಿದೆ.

ಆದರೆ ಕನ್ನಡಿಗರಾದ ನಮಗೆ ಈ ತಾಲೂಕಿನೊಂದಿಗೆ ಬೇರೊಂದು ನಂಟೂ ಇದೆ. ಖಡಕವಾಸಲೆಯ ಕೆರೆಯಿಂದ ಹೊರಟ ಮುಠಾ ಬಲದಂಡೆಯ ಕಾಲುವೆ ಪುಣೆ ಪಟ್ಟಣವನ್ನು ಹಾದು, ಹವೇಲಿಯನ್ನು ದಾಟಿ, ದೌಂಡ ತಾಲೂಕಿನ ಕಬ್ಬಿಗೆ ನೀರುಣಿಸುತ್ತದೆ. ಇಲ್ಲಿಯವರು ಅದನ್ನು 'ಪಾಟ' ಎನ್ನುತ್ತಾರೆ; ನೀರಿನ ಪಾಳಿಗೆ 'ಆವರ್ತನ' ಎನ್ನುತ್ತಾರೆ. ೧೯೬೧ರ ಜುಲೈ ೧೨ರಂದು ಪಾನಶೇತದ ಅಣೆಕಟ್ಟು ಒಡೆದು ಖಡಕವಾಸಲೆಯನ್ನೂ ಒಡೆದುಕೊಂಡು ಹೋದ ಮೇಲೆ ಕಾಲುವೆಯ ರೂಪವೇ ಬದಲಾಯಿತು ನಿಜ. ಆದರೂ ಈ ಜಿಲ್ಲೆಯ ನೀರಿನ ಲೆಕ್ಕದ ಪುಸ್ತಕದಲ್ಲಿ ಒಬ್ಬ ಮೈಸೂರಿನವರ ಕೈಬರಹ ಇನ್ನೂ ಉಳಿದಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಓದಿ, ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಖಾತೆಯನ್ನು ಸೇರಿ, ಇದೇ ಜಿಲ್ಲೆಯ ಕಾಲುವೆಗಳ ಮೇಲೆ ದುಡಿದವರು.

ಅವರು ೧೯೫೧ರಲ್ಲಿ ಪ್ರಕಟಿಸಿದ 'ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' ಎಂಬ ಇಂಗ್ಲಿಷ್ ಪುಸ್ತಕವನ್ನು ಈಚೆಗೆ ನಾವು ಮತ್ತೆ ಓದಿದೆವು. ಓದಿದ ಕಾರಣವನ್ನು ಕೊನೆಗೆ ಹೇಳುತ್ತೇವೆ. ಮೊದಲು ಪುಸ್ತಕದ ಮಾತು.

ಪುಸ್ತಕವಾಗಿ ಇದು ರಸವತ್ತಾದುದೆಂದು ಹೇಳಲಾರೆವು. ಆತ್ಮಕಥೆಯೆಂದು ಕೈಗೆತ್ತಿಕೊಂಡವರಿಗೆ ನಿರಾಶೆಯೇ ಸರಿ. ತಾಯಿ, ಮನೆ, ಗೆಳೆತನ, ದುಃಖ ಇವಕ್ಕೆಲ್ಲ ಇಲ್ಲಿ ಸಿಕ್ಕ ಸ್ಥಳ ಬಹಳ ಕಡಿಮೆ. ಒಂದು ಕೆಲಸ ಮುಗಿಯಿತು, ಇನ್ನೊಂದು ಬಂತು. ಇಷ್ಟು ಖರ್ಚಾಯಿತು, ಇಂಥ ವರದಿ ಕೊಟ್ಟೆವು ಎಂಬ ಧಾಟಿ. ಬರೆದವರು ಕೊನೆಯ ತನಕ ಇಂಜಿನಿಯರರಾಗಿಯೇ ಉಳಿದಿದ್ದಾರೆ. ಕಾಲುವೆಯ ಮೇಲೆ ಹಗಲಿರುಳು ತಿರುಗಿದ ಕಾರಕೂನ, ತೂಬು ಕಾಯ್ದ ಪಾಟಕರಿ, ಕಲ್ಲು ಹೊತ್ತ ಕೂಲಿಯವರು ಇವರಾರೂ ಹೆಸರು ಹಿಡಿದು ಮಾತಾಡುವುದಿಲ್ಲ. ಪುಸ್ತಕದ ದೊಡ್ಡ ಕೊರತೆ ಇದೇ ಎಂದು ನಮಗೆ ಅನಿಸುತ್ತದೆ. ಆದರೆ ನಮ್ಮಲ್ಲಿ ಸರ್ ಎಂ. ವಿ. ಅವರ ವಿಷಯ ಬರೆಯುವವರು ಈ ಒಣ ಪುಸ್ತಕವನ್ನು ಬದಿಗಿಟ್ಟು, ಸರಕಾರದ ಮೇಣಬತ್ತಿ ಬೇರೆ ಸ್ವಂತದ ಮೇಣಬತ್ತಿ ಬೇರೆ ಎಂಬ ಕಥೆಯನ್ನೇ ವರ್ಷವರ್ಷ ಸೆಪ್ಟೆಂಬರ ೧೫ಕ್ಕೆ ಹೇಳುತ್ತ ಬಂದಿದ್ದಾರೆ. ಮೇಣಬತ್ತಿಯ ಕಥೆಯಿಂದ ಮಕ್ಕಳು ಕಲಿಯಬಹುದು. ಸರಕಾರಗಳು ಕಲಿಯಬೇಕಾದುದು ಒಣ ಪುಸ್ತಕದಿಂದಲೇ.

ಯಾಕೆಂದರೆ ಅದನ್ನು ಒಂದು ಪ್ರಶ್ನೆ ಹಿಡಿದು ಓದಿದರೆ ಅದು ಬೇರೆಯೇ ಪುಸ್ತಕವಾಗುತ್ತದೆ. ಆ ಪ್ರಶ್ನೆ ಇದು: ವಿದ್ಯೆ ಬಲ್ಲ ಒಬ್ಬ ಮನುಷ್ಯನನ್ನು ಸರಕಾರ ಹೇಗೆ ಕರೆಯಬೇಕು, ಎಷ್ಟು ದಿನ ಇರಿಸಿಕೊಳ್ಳಬೇಕು, ಯಾವ ಕರಾರಿನ ಮೇಲೆ, ಮತ್ತು ಅವನು ಹೋದ ಮೇಲೆ ಏನು?

ಮುಂಬಯಿಯ ಇಪ್ಪತ್ತನಾಲ್ಕು ವರ್ಷಗಳನ್ನು ಈ ದೃಷ್ಟಿಯಿಂದ ನೋಡಿರಿ. ಅವರು ಖಾಯಂ ನೌಕರರು. ಜ್ಯೇಷ್ಠತೆಯ ಪಟ್ಟಿಯಲ್ಲಿ ಅವರಿಗೊಂದು ಸ್ಥಾನ. ಆದರೆ ಖಾತೆ ಅವರನ್ನು ಆ ಸ್ಥಾನಕ್ಕೆ ಕಟ್ಟಿಹಾಕಲಿಲ್ಲ. ಸಿಂಧದ ಸಕ್ಕರದಲ್ಲಿ ಕುಡಿಯುವ ನೀರಿನ ಕೆಲಸ ಕೆಟ್ಟು ಕೂತಿತ್ತು, ಅಲ್ಲಿಗೆ ಕಳಿಸಿತು. ಸುರತಕ್ಕೆ ಕಳಿಸಿತು. ೧೯೦೬ರಲ್ಲಿ ಏಡನ್ನಿನ ನೀರು ಮತ್ತು ಚರಂಡಿಯ ಸಲಹೆಗಾಗಿ ಸಮುದ್ರ ದಾಟಿಸಿತು. ಕೊಲ್ಲಾಪುರದ ಕೆರೆಯ ಏರಿ ಕುಸಿಯುವ ಹಾಗಾದಾಗ ಸಂಸ್ಥಾನಕ್ಕೆ ಎರವಲು ಕೊಟ್ಟಿತು. ಪರಕೀಯರ ಆಡಳಿತ ಎಂದು ನಾವು ಬಯ್ಯುತ್ತೇವೆ, ಬಯ್ಯಲು ಕಾರಣಗಳೂ ಇವೆ. ಆದರೆ ಬಲ್ಲವನನ್ನು ಬೇಕಾದಲ್ಲಿಗೆ ಒಯ್ಯುವ ಈ ಸಲೀಸು ಅದಕ್ಕೆ ಇತ್ತು.

ಖಡಕವಾಸಲೆಯ ಕಥೆ ಎಲ್ಲರಿಗೂ ಗೊತ್ತು. ಕೆರೆಯ ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕೂಡಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವಂತೆ ಅವರು ೧೯೦೩ರ ಸುಮಾರಿಗೆ ಮಾಡಿದರು. ಪೇಟೆಂಟ್ ಅವರ ಹೆಸರಿಗೆ. ರಾಯಧನ ಮಾತ್ರ ಬೇಡವೆಂದರು, ಸರಕಾರದ ಸಂಬಳ ತಿನ್ನುವಾಗ ಮಾಡಿದ ಕೆಲಸ ಎಂದು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು, ಆದರೆ ದೌಂಡದ ರೈತನಿಗೆ ಹೆಚ್ಚು ಹತ್ತಿರವಾದದ್ದು, ಬ್ಲಾಕ್ ಪದ್ಧತಿ. ಕಾಲುವೆಯ ಮೇಲಿನ ಊರವರು ನೀರು ಸಿಕ್ಕಿತೆಂದು ಎಲ್ಲೆಂದರಲ್ಲಿ ಕಬ್ಬು ಹಾಕುತ್ತಿದ್ದರು. ತಲೆಯ ಕಡೆಯವನಿಗೆ ಕೆಸರು, ಬಾಲದ ಕಡೆಯವನಿಗೆ ಧೂಳು. ನೀರು ನಿಂತ ಹಳ್ಳಿಗಳಲ್ಲಿ ಮಲೇರಿಯ. ವಿಶ್ವೇಶ್ವರಯ್ಯನವರು ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕಿನಲ್ಲಿ ಮೂರನೆಯ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಪೈರು ಎಂದು ಸರದಿ ಗೊತ್ತುಮಾಡಿದರು. ಪ್ರತಿಯಾಗಿ ಹಲವು ವರ್ಷ ನೀರಿನ ಖಾತರಿ. ರೈತರು ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದರು. ೧೯೦೧ರಿಂದ ೧೯೦೩ರ ವರೆಗೆ ಕೂತ ನೀರಾವರಿ ಆಯೋಗಕ್ಕೆ ಇದು ಮೆಚ್ಚುಗೆಯಾಯಿತು. ಈಗ ದೌಂಡದಿಂದ ಇಂದಾಪುರದ ತನಕ ಕಬ್ಬಿನ ಸಮುದ್ರವನ್ನು ನೋಡುವವರಿಗೆ ಆ ಮೂರನೆಯ ಒಂದು ಪಾಲಿನ ಮಾತು ಕೇಳಿ ನಗು ಬಂದೀತು.

ಇಂಥವರು ೧೯೦೮ರಲ್ಲಿ ಬಿಟ್ಟರು. ಮೇಲಿನ ಅತ್ಯುನ್ನತ ಸ್ಥಾನ, ಅಂದರೆ ಚೀಫ್ ಇಂಜಿನಿಯರರ ಕುರ್ಚಿ, ಆಗ ಭಾರತೀಯನಿಗೆ ಸಿಗುವಂತಿರಲಿಲ್ಲ. ಹಿರಿಯರನ್ನು ದಾಟಿ ಅವರಿಗೆ ಬಡತಿ ಕೊಟ್ಟದ್ದರಿಂದ ಖಾತೆಯಲ್ಲಿ ಅಸಮಾಧಾನವೂ ಇತ್ತು. ಪೂರ್ತಿ ನಿವೃತ್ತಿವೇತನಕ್ಕೆ ಇಪ್ಪತ್ತೈದು ವರ್ಷ ತುಂಬಿರಲಿಲ್ಲ. ಆದರೂ ಸರಕಾರ ಅದನ್ನು ಮಂಜೂರು ಮಾಡಿ ಬೀಳ್ಕೊಟ್ಟಿತು. ಸಲೀಸಾಗಿ ತಿರುಗಾಡಿಸುವ ಖಾತೆಯೂ ಒಂದು ಮಟ್ಟದ ಮೇಲೆ ಮುಚ್ಚಿದ ಬಾಗಿಲೇ ಆಗಿತ್ತು ಎಂಬುದನ್ನು ಪುಸ್ತಕ ಸಿಟ್ಟಿಲ್ಲದೆ ಹೇಳುತ್ತದೆ. ಆ ಸಿಟ್ಟಿಲ್ಲದ ಧಾಟಿ ನಮ್ಮನ್ನು ಸಿಟ್ಟಿಗಿಂತ ಹೆಚ್ಚು ತಟ್ಟಿತು.

ಅದೇ ವರ್ಷ ಸೆಪ್ಟೆಂಬರ ೨೮ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಪಟ್ಟಣವನ್ನು ನುಂಗಿತು. ಸತ್ತವರು ಸಾವಿರಗಟ್ಟಲೆ. ನಿಜಾಮರ ಸರಕಾರಕ್ಕೆ ಬೇಕಾದದ್ದು ಒಬ್ಬ ಖಾಯಂ ಅಧಿಕಾರಿಯಲ್ಲ, ಒಂದು ಪ್ರಶ್ನೆಗೆ ಉತ್ತರ: ಇದು ಮತ್ತೆ ಆಗದಂತೆ ಏನು ಮಾಡಬೇಕು? ಯುರೋಪಿನ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಹೋಯಿತು. ೧೯೦೯ರ ಏಪ್ರಿಲಿನಲ್ಲಿ ವಿಶೇಷ ಸಲಹೆಗಾರ ಇಂಜಿನಿಯರರಾಗಿ ಕೆಲಸ ಹಿಡಿದರು, ನವೆಂಬರಿನಲ್ಲಿ ಮೈಸೂರಿಗೆ ಹೊರಟುಹೋದರು. ಏಳು ತಿಂಗಳು. ಅಷ್ಟರಲ್ಲಿ ಮಳೆಯ ಲೆಕ್ಕ, ಜಲಾನಯನದ ಕೆರೆಗಳ ಲೆಕ್ಕ, ಒಡೆದುಹೋದ ಕೆರೆಗಳ ಲೆಕ್ಕ ಎಲ್ಲವನ್ನೂ ಕಟ್ಟಿ, ಪಟ್ಟಣದ ಮೇಲುಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಎರಡು ಜಲಾಶಯಗಳನ್ನು ಕಟ್ಟಬೇಕೆಂದು ವರದಿ ಕೊಟ್ಟಿದ್ದರು.

ನಮ್ಮ ಲೇಖಕರು ಸಾಮಾನ್ಯವಾಗಿ ಇಲ್ಲಿಗೆ ಕೈಮುಗಿದು ನಿಲ್ಲುತ್ತಾರೆ. ನಮಗೆ ಮುಖ್ಯವೆನಿಸುವುದು ಇದರ ಮುಂದಿನದು. ಉಸ್ಮಾನ್ ಸಾಗರ ಮುಗಿದದ್ದು ೧೯೨೦ರಲ್ಲಿ, ಹಿಮಾಯತ್ ಸಾಗರ ೧೯೨೭ರಲ್ಲಿ. ಕಟ್ಟಿದವರು ನಿಜಾಮರ ಖಾತೆಯ ಇಂಜಿನಿಯರರು: ಸಂಬಳದ ಪಟ್ಟಿಯಲ್ಲಿ ಕ್ರಮವಾಗಿ ಹೆಸರಿದ್ದವರು, ವರದಿಯನ್ನು ಓದಬಲ್ಲವರು, ಅದು ತಪ್ಪಿದಲ್ಲಿ ತಿದ್ದಬಲ್ಲವರು. ಕರೆದು ತಂದ ಪಂಡಿತನ ಏಳು ತಿಂಗಳು ಫಲಿಸಿದ್ದು ಖಾತೆಯವರ ಹದಿನೆಂಟು ವರ್ಷಗಳಿಂದ. ಖಾಯಂ ಮನೆ ಗಟ್ಟಿಯಿದ್ದಲ್ಲಿ ಮಾತ್ರ ಅತಿಥಿ ತಜ್ಞನಿಂದ ಲಾಭ. ಮನೆಯೇ ಖಾಲಿಯಾಗಿದ್ದರೆ ಅತಿಥಿ ಬಂದು ವರದಿಯನ್ನು ಜಗಲಿಯ ಮೇಲಿಟ್ಟು ಹೋಗಬೇಕಾಗುತ್ತದೆ. ಈ ಮಾತನ್ನು ವಿಶ್ವೇಶ್ವರಯ್ಯನವರು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ; ಅವರ ಪುಸ್ತಕದ ತಾರೀಖುಗಳು ಹೇಳುತ್ತವೆ.

ಮೈಸೂರಿಗೆ ಬರುವಾಗ ಅವರು ತಕ್ಷಣ ಹೂಂ ಎನ್ನಲಿಲ್ಲ. ಚೀಫ್ ಇಂಜಿನಿಯರರ ಹುದ್ದೆಗೆ ಕರೆ ಬಂದಾಗ, ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗೂ ಸರಕಾರ ಬೆಂಬಲ ಕೊಡುವುದೇ ಎಂದು ಮೊದಲು ಕೇಳಿದರು. ಭರವಸೆ ಬಂದ ಮೇಲೆ ಒಪ್ಪಿದರು. ಬಂದವನು ಕರಾರು ಹಾಕಿದ, ಕರೆದವರು ಅದನ್ನು ಗೌರವದಿಂದ ಕೇಳಿದರು. ಈ ಚಿಕ್ಕ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೇಳುತ್ತೇವೆ, ಮುಂದೆ ಬೇಕಾಗುತ್ತದೆ.

ಮೈಸೂರಿಗೆ ಈ ರೂಢಿ ಹೊಸದೇನಲ್ಲ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ಶಿವನಸಮುದ್ರದ ವಿದ್ಯುತ್ತಿನ ಯೋಜನೆಗೆ ಸೈನ್ಯದ ಇಂಜಿನಿಯರರಾದ ಲಾಟ್‌ಬಿನಿಯೆರ್ ಅವರನ್ನು ಎರವಲು ಪಡೆದಿದ್ದರು. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ಬೆಳಕು ಹೋಯಿತು. ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ಮಲೆನಾಡಿನ ಓದುಗರು ನಮ್ಮನ್ನು ಕ್ಷಮಿಸಲಾರರು. ಅಡಿಕೆಯ ಕೊಳೆರೋಗ. ಆಷಾಢದ ಮಳೆಯಲ್ಲಿ ಎಳೆ ಕಾಯಿ ಕೊಳೆತು ಉದುರಿ, ವರ್ಷದ ಅನ್ನ ಮಣ್ಣಾಗುತ್ತಿತ್ತು. ತೋಟಿಗರು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಹರಕೆ ಹೊರುತ್ತಿದ್ದರು. ಮೈಸೂರು ಸರಕಾರ ೧೯೦೮ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ ವಿಜ್ಞಾನಿಯನ್ನು ಕೀಟ ಮತ್ತು ಶಿಲೀಂಧ್ರಗಳ ತಜ್ಞನೆಂದು ಕರೆಸಿಕೊಂಡಿತು. ಆತ ಮಳೆಯಲ್ಲಿ ತೋಟಗಳಲ್ಲಿ ನಿಂತು ರೋಗದ ಬೂಷ್ಟನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ದಾರಿ ತೋರಿಸಿದ. ಇಂದಿಗೂ ತೀರ್ಥಹಳ್ಳಿ, ಶೃಂಗೇರಿಗಳ ಕಡೆ ಮಳೆಗಾಲದ ಬಾಯಿಗೆ ಔಷಧ ಹೊಡೆಯುವುದೆಂದರೆ ಅದೇ. ಕನ್ನಡದ 'ಕೊಳೆರೋಗ' ಎಂಬ ಮಾತು ಜಗತ್ತಿನ ಸಸ್ಯರೋಗಶಾಸ್ತ್ರದ ಪುಸ್ತಕಗಳಲ್ಲಿ ಹಾಗೆಯೇ ಉಳಿದಿದೆ. ಒಂದು ರೋಗಕ್ಕೆಂದು ಬಂದ ಕೋಲ್ಮನ್ ೧೯೧೩ರಲ್ಲಿ ಕೃಷಿ ಖಾತೆಯ ನಿರ್ದೇಶಕರಾಗಿ, ಎರಡು ದಶಕ ಅಲ್ಲಿಯೇ ಇದ್ದು, ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಇವೆಲ್ಲಕ್ಕೂ ಕೈಹಾಕಿದರು.

ವಿಶ್ವೇಶ್ವರಯ್ಯನವರು ಏಳು ತಿಂಗಳಲ್ಲಿ ಹೈದರಾಬಾದು ಬಿಟ್ಟರು. ಕೋಲ್ಮನ್ ಮೈಸೂರು ಬಿಡಲು ಒಂದು ಜೀವಮಾನದ ಕೆಲಸ ಹಿಡಿಯಿತು. ಎರಡೂ ಸರಿ. ಪ್ರವಾಹಕ್ಕೆ ವರದಿ ಬೇಕು, ಕೊಳೆರೋಗಕ್ಕೆ ಪ್ರತಿ ಮಳೆಗಾಲವೂ ನಿಲ್ಲುವ ಮನುಷ್ಯ ಬೇಕು. ಕೆಲಸದ ಆಯುಷ್ಯ ನೋಡಿ ನೇಮಕದ ಆಯುಷ್ಯ ಗೊತ್ತುಮಾಡಬೇಕು. ನಾವೀಗ ಮಾಡುತ್ತಿರುವುದು ಇದರ ತಲೆಕೆಳಗು: ನೇಮಕವೆಲ್ಲ ಹನ್ನೊಂದು ತಿಂಗಳದ್ದು, ಕೆಲಸವೆಲ್ಲ ನೂರು ವರ್ಷದ್ದು.

ಇಷ್ಟು ಹೊಗಳಿದ ಮೇಲೆ ತಕರಾರಿನ ಮಾತನ್ನೂ ಹೇಳಬೇಕು. ಬಲ್ಲವನನ್ನು ಕರೆಯಬೇಕು, ಒಪ್ಪಿದೆವು. ಬಲ್ಲವನು ಯಾರು ಎಂದು ಗೊತ್ತುಮಾಡುವವರು ಯಾರು? ಕರೆ ಯಾರ ಮನೆಯ ತನಕ ಕೇಳಿಸುತ್ತದೆ? ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಸರಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳ ಪಾಲು ತೀರ ಕಡಿಮೆಯಿರುವುದರ ಬಗ್ಗೆ ವಿಚಾರಿಸಲು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಸರಿಬೀಳಲಿಲ್ಲ. ಹಿಂದುಳಿದವರಿಗೆ ಶಿಕ್ಷಣ, ವಿದ್ಯಾರ್ಥಿವೇತನ ಕೊಡೋಣ, ನೇಮಕದಲ್ಲಿ ಯೋಗ್ಯತೆಯ ವಿನಾ ಬೇರೆ ಅಳತೆ ಬೇಡ ಎಂಬುದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಪುಸ್ತಕದಲ್ಲಿ ಇದನ್ನು ಅವರು ಮುಚ್ಚಿಟ್ಟಿಲ್ಲ, ಆದರೆ ಸೇತುವೆ ದಾಟುವವರಂತೆ ಬೇಗನೆ ದಾಟಿಬಿಟ್ಟಿದ್ದಾರೆ. ನಮಗೆ ಇಲ್ಲಿ ಅವರ ಮಾತು ಒಪ್ಪಿಗೆಯಾಗುವುದಿಲ್ಲ. ಮುಂಬಯಿಯಲ್ಲಿ ಭಾರತೀಯನೆಂಬ ಕಾರಣಕ್ಕೆ ಕುರ್ಚಿ ಸಿಗದ ನೋವನ್ನು ಉಂಡವರು, ಮೈಸೂರಿನ ಒಕ್ಕಲಿಗನಿಗೋ ಕುಂಬಾರನಿಗೋ ಇದ್ದ ಅಂಥದೇ ನೋವನ್ನು ಕಾಣದೆ ಹೋದದ್ದು ಹೇಗೆ? ಅವರ ಪ್ರಾಮಾಣಿಕತೆಯನ್ನು ಶಂಕಿಸುತ್ತಿಲ್ಲ. ಅಣೆಕಟ್ಟಿನ ಸೋರಿಕೆಯನ್ನು ಅಷ್ಟು ದೂರದಿಂದ ಕಂಡ ಕಣ್ಣು ಇದನ್ನು ಹತ್ತಿರದಿಂದಲೂ ಕಾಣಲಿಲ್ಲ ಎನ್ನುತ್ತಿದ್ದೇವೆ.

ಇದು ಹಳೆಯ ಜಗಳ, ಈಗೇಕೆ ಎನ್ನುವವರಿಗೆ ಒಂದು ತಾರೀಖು. ೨೦೨೪ರ ಆಗಸ್ಟ್ ೧೭ರಂದು ಕೇಂದ್ರ ಲೋಕಸೇವಾ ಆಯೋಗ, ಹೊರಗಿನ ತಜ್ಞರನ್ನು ಕರಾರಿನ ಮೇಲೆ ತೆಗೆದುಕೊಳ್ಳಲು ೪೫ ಮೇಲ್ದರ್ಜೆಯ ಹುದ್ದೆಗಳಿಗೆ ಜಾಹೀರಾತು ಹೊರಡಿಸಿತು. ಇಂಥ ನೇಮಕ ೨೦೧೮ರಲ್ಲಿ ಹತ್ತು ಜಂಟಿ ಕಾರ್ಯದರ್ಶಿ ಹುದ್ದೆಗಳಿಂದ ಶುರುವಾಗಿತ್ತು; ಆ ಹತ್ತಕ್ಕೆ ಆರು ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದಿದ್ದವು. ೨೦೨೪ರ ಜಾಹೀರಾತು ಮೂರು ದಿನ ಬಾಳಿತು. ಮೀಸಲಾತಿ ಎಲ್ಲಿ ಎಂಬ ಕೂಗೆದ್ದು, ಆಗಸ್ಟ್ ೨೦ರಂದು ಹಿಂದಕ್ಕೆ ಹೋಯಿತು. ಒಂದೊಂದು ಹುದ್ದೆಯನ್ನೂ ಒಂಟಿ ಹುದ್ದೆ ಎಂದು ಎಣಿಸಿದ್ದರಿಂದ ಮೀಸಲಾತಿಯ ಸರದಿಯೇ ಬರುವಂತಿರಲಿಲ್ಲ. ನಲವತ್ತೈದು ಒಂಟಿಗಳು! ಲೆಕ್ಕ ಬಲ್ಲವರು ಹೀಗೂ ಎಣಿಸಬಲ್ಲರು. ಮಿಲ್ಲರ್ ಸಮಿತಿಗೆ ನೂರು ವರ್ಷ ತುಂಬಿದ ಮೇಲೂ, ತಜ್ಞತೆ ಮತ್ತು ನ್ಯಾಯ ಒಂದೇ ನೊಗಕ್ಕೆ ಹೂಡಬಹುದಾದ ಜೋಡೆತ್ತುಗಳೆಂಬುದು ನಮ್ಮ ಆಡಳಿತಕ್ಕೆ ಹೊಳೆದಿಲ್ಲ. ಹುದ್ದೆಗಳನ್ನು ಒಟ್ಟಾಗಿ ಎಣಿಸಿ, ಮೀಸಲು ಪಾಲಿಟ್ಟು, ಆಮೇಲೆ ಎಷ್ಟು ಬೇಕಾದರೂ ಬಿಗಿಯಾಗಿ ಪರೀಕ್ಷಿಸಲಿ. ಯಾವ ಅಣೆಕಟ್ಟೂ ಒಡೆಯುವುದಿಲ್ಲ.

ಈ ಪ್ರಶ್ನೆಯನ್ನು ಆಲೋಚಿಸಿದವರಲ್ಲಿ ನಮ್ಮವರು ಕಡಿಮೆಯಿಲ್ಲ ಎಂಬುದೂ ಒಂದು ಮೋಜು. ಮೊದಲನೆಯ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿಯವರ ನಂತರ ಅಧ್ಯಕ್ಷರಾದವರು ಕೆಂಗಲ್ ಹನುಮಂತಯ್ಯನವರು. ೧೯೬೯ರ ಅದರ ವರದಿ, ಎಲ್ಲ ಕುರ್ಚಿಗೂ ಒಂದೇ ಬಗೆಯ ಅಧಿಕಾರಿ ಸಾಲದು, ಕೃಷಿ, ಕೈಗಾರಿಕೆ, ಹಣಕಾಸು ಮುಂತಾದ ಕ್ಷೇತ್ರಗಳಿಗೆ ವಿಶೇಷಜ್ಞರೇ ಬೇಕು ಎಂದಿತು. ಅದರ ಹಿಂದಿನ ವರ್ಷವೇ ಇಂಗ್ಲಂಡಿನಲ್ಲಿ ಫುಲ್ಟನ್ ಸಮಿತಿ ಅಲ್ಲಿನ ಆಡಳಿತಕ್ಕೆ ಇದೇ ಮಾತನ್ನು ಹೇಳಿತ್ತು. ೨೦೦೫ರ ಎರಡನೆಯ ಆಯೋಗದ ಅಧ್ಯಕ್ಷರು ವೀರಪ್ಪ ಮೊಯಿಲಿಯವರು. ಹೊರಗಿನವರನ್ನು ಮೇಲ್ಮಟ್ಟದಲ್ಲಿ ಸೇರಿಸಿಕೊಳ್ಳುವ ಶಿಫಾರಸು ಅಲ್ಲಿಯೂ ಇದೆ. ಇಬ್ಬರೂ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದವರು. ವರದಿಗಳು ಕಪಾಟಿನಲ್ಲಿ ಕ್ಷೇಮವಾಗಿವೆ.

ಅಮೆರಿಕೆಯವರು ೧೯೭೦ರಲ್ಲಿ ಒಂದು ಕಾಯದೆ ಮಾಡಿದರು: ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತನ್ನ ಕೆಲಸವನ್ನು ಬಿಡದೆಯೇ ಎರಡು ವರ್ಷ, ಹೆಚ್ಚೆಂದರೆ ನಾಲ್ಕು ವರ್ಷ, ಸರಕಾರದ ಇಲಾಖೆಯಲ್ಲಿ ಕೆಲಸ ಮಾಡಿ ತನ್ನ ಪಾಠಕ್ಕೆ ಹಿಂದಿರುಗಬಹುದು. ಕೇಳಿದಾಗ ಹೊಸತೆನಿಸುತ್ತದೆ. ಆದರೆ ನಮ್ಮ ಬೆಂಗಳೂರಿನಲ್ಲೇ ೧೯೭೨ರಲ್ಲಿ ಇದಕ್ಕಿಂತ ದಿಟ್ಟವಾದ ಏರ್ಪಾಡು ನಡೆದಿತ್ತು. ವಿಕ್ರಮ ಸಾರಾಭಾಯಿಯವರು ತೀರಿಕೊಂಡ ಮೇಲೆ ಬಾಹ್ಯಾಕಾಶದ ಕೆಲಸಕ್ಕೆ ಸತೀಶ ಧವನರನ್ನು ಕರೆದರು. ಅವರು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರು, ಆಗ ಅಮೆರಿಕೆಯಲ್ಲಿದ್ದರು. ಎರಡು ಕರಾರು ಹಾಕಿದರು: ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು, ವಿಜ್ಞಾನ ಮಂದಿರವನ್ನು ತಾನು ಬಿಡುವುದಿಲ್ಲ. ಸರಕಾರ ಎರಡಕ್ಕೂ ಒಪ್ಪಿತು. ನಿಯಮದ ಪುಸ್ತಕ ಹಿಡಿದು ಕೂತಿದ್ದರೆ ಬೆಂಗಳೂರಿಗೆ ಇಸ್ರೋ ಇರುತ್ತಿರಲಿಲ್ಲ. ೧೯೮೪ರ ಸಿ-ಡಾಟ್ ಇನ್ನೊಂದು. ಇಲಾಖೆಯ ಹೊರಗೆ ಒಂದು ಸಂಸ್ಥೆ ಮಾಡಿ, ಮೂರು ವರ್ಷದ ಗಡುವು ಹಾಕಿ, ಸ್ಯಾಮ್ ಪಿತ್ರೋಡಾ ಅವರನ್ನು ಕರೆಸಿ, ಎಳೆಯ ಇಂಜಿನಿಯರರನ್ನು ಕೂಡಿಸಿದರು. ಅವರು ಹಳ್ಳಿಗೆಂದು ಮಾಡಿದ ೧೨೮ ಸಾಲುಗಳ ಟೆಲಿಫೋನ್ ವಿನಿಮಯ ಕೇಂದ್ರ ೧೯೮೬ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ ಯಂತ್ರ. ಧೂಳು, ಸೆಕೆ ತಡೆಯುವಂಥದು.

ಒಳಗಿನವರಿಗೂ ಒಂದು ಸಲೀಸು ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಬಾಹ್ಯಾಕಾಶ, ಅಣುಶಕ್ತಿ, ರಕ್ಷಣಾ ಸಂಶೋಧನೆ ಈ ಖಾತೆಗಳಲ್ಲಿ ವಿಜ್ಞಾನಿಗೆ ಬಡತಿ ಸಿಗಲು ಮೇಲಿನವನು ನಿವೃತ್ತನಾಗುವುದನ್ನು ಕಾಯಬೇಕಾಗಿಲ್ಲ. ಕೆಲಸವನ್ನು ಅಳೆದು ಇದ್ದಲ್ಲಿಯೇ ದರ್ಜೆ ಏರಿಸುತ್ತಾರೆ; ಅವನು ಹೋದ ಮೇಲೆ ಹುದ್ದೆ ಮತ್ತೆ ಕೆಳಗಿನ ದರ್ಜೆಗೆ ಇಳಿಯುತ್ತದೆ. ಪುಣೆಯ ಪ್ರಯೋಗಶಾಲೆಗಳಲ್ಲಿರುವ ನಮ್ಮ ಕನ್ನಡಿಗ ಮಿತ್ರರು ಇದರಲ್ಲಿಯೂ ಹುಳುಕು ತೋರಿಸುತ್ತಾರೆ. ಇರಲಿ. ರಾಜ್ಯ ಸರಕಾರಗಳ ನೀರಾವರಿ, ಭೂಜಲ, ಮಾಲಿನ್ಯ ನಿಯಂತ್ರಣದ ಕಚೇರಿಗಳಿಗೆ ಆ ಹುಳುಕು ಹಣ್ಣೂ ದೊರೆತಿಲ್ಲ.

ಈಗ ಪುಸ್ತಕವನ್ನು ಮತ್ತೆ ತೆರೆದ ಕಾರಣ. ದೌಂಡದಿಂದ ಸ್ವಲ್ಪ ದೂರದಲ್ಲಿ ಕುರಕುಂಭದ ಕೈಗಾರಿಕಾ ವಸಾಹತು ಇದೆ. ರಾಸಾಯನಿಕಗಳ ಕಾರಖಾನೆಗಳು ಅಲ್ಲಿ ಹೆಚ್ಚು. ತಾಲೂಕಿನ ಅಂಚಿನಲ್ಲಿ ಹರಿಯುವ ಭೀಮೆ ಉಜನಿಯಲ್ಲಿ ನಿಂತು, ಸೊಲ್ಲಾಪುರ ದಾಟಿ, ಅಫಜಲಪುರದಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಬರುತ್ತದೆ. ಪುಣೆಯ ಚರಂಡಿಯ ಪಾಲೂ ಮುಳಾ-ಮುಠೆಯೊಂದಿಗೆ ಅದಕ್ಕೆ ಸೇರುತ್ತದೆ. ಹೀಗಾಗಿ ಇಲ್ಲಿಯ ನೀರನ್ನು ಯಾರು ಪರೀಕ್ಷಿಸುತ್ತಾರೆ, ಅವರಿಗೆ ಎಷ್ಟು ಬಲವಿದೆ ಎಂಬುದು ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕುವವನ ಪ್ರಶ್ನೆಯೂ ಹೌದು. ದೇಶದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಅರ್ಧ ಖಾಲಿಯಿದ್ದವೆಂಬ ಲೆಕ್ಕ ೨೦೨೪ರಲ್ಲಿ ಹೊರಬಿತ್ತು.

ಖಾಲಿ ಹುದ್ದೆಯ ಜಾಗದಲ್ಲಿ ಏನು ನಡೆಯುತ್ತದೆ? ನಮ್ಮ ಪರಿಚಯದ ಒಬ್ಬ ತರುಣನಿದ್ದಾನೆ. ಇಂಡಿ ತಾಲೂಕಿನ ಕಡೆಯವನು. ಅಪ್ಪ ರೇಲ್ವೆಯಲ್ಲಿದ್ದುದರಿಂದ ದೌಂಡದ ಕ್ವಾರ್ಟರ್ಸಿನಲ್ಲಿ ಬೆಳೆದ. ನಮ್ಮನ್ನು ಕಾಕಾ ಎನ್ನುತ್ತಾನೆ. ನೀರಿನ ರಸಾಯನಶಾಸ್ತ್ರದಲ್ಲಿ ಒಳ್ಳೆಯ ಪದವಿ ಪಡೆದಿದ್ದಾನೆ. ಒಂದು ಸರಕಾರಿ ಕಚೇರಿಯಲ್ಲಿ ಕೆಲಸ. ಯಾವ ಖಾತೆ, ಯಾವ ಊರು ಎಂಬುದು ಬೇಡ. ಅವನನ್ನು ನೇಮಿಸಿದ್ದು ಸರಕಾರವಲ್ಲ, ಆಳು ಒದಗಿಸುವ ಒಂದು ಏಜನ್ಸಿ. ಕರಾರು ಹನ್ನೊಂದು ತಿಂಗಳದ್ದು. ನಡುವೆ ಒಂದು ದಿನ ಬಿಡುವು ಕೊಟ್ಟು ಮತ್ತೆ ಹನ್ನೊಂದು ತಿಂಗಳು. ಹೀಗೆ ಐದು ವರ್ಷವಾಯಿತು. ಅವನು ಬಾಟಲಿಯಲ್ಲಿ ನೀರು ತಂದು ಪರೀಕ್ಷಿಸುತ್ತಾನೆ, ವರದಿ ಬರೆಯುತ್ತಾನೆ. ಸಹಿ ಮಾತ್ರ ಬೇರೆಯವರದು, ಯಾಕೆಂದರೆ ಕರಾರಿನವನ ಸಹಿಗೆ ಕಾಯದೆಯಲ್ಲಿ ಬೆಲೆಯಿಲ್ಲವಂತೆ.

ಒಂದು ಸಂಜೆ ಮನೆಗೆ ಬಂದು, "ಕಾಕಾ, ಒಂದು ಬಾವಿಯ ನೀರು ಸರಿಯಿಲ್ಲ ಅಂತ ಬರದೆ. ಇನ್ನೊಮ್ಮೆ ತಪಾಸ್ ಮಾಡು ಅಂದರು. ಮಾಡಿದೆ, ಅದೇ ಬಂತು. ಮತ್ತೊಮ್ಮೆ ಮಾಡು ಅಂದರು," ಎಂದ.

"ನೀನೇನಂದೆ?"

"ಏನನ್ನಲಿ? ಡಿಸೆಂಬರದಾಗ ಕರಾರು ಮುಗೀತದ."

ಸರಕಾರದ ಭಾಷೆಯಲ್ಲಿ ಇದಕ್ಕೂ ಸಲೀಸು ನೇಮಕ ಎಂದೇ ಹೆಸರು. ತಜ್ಞರನ್ನು ಬೇಕಾದಾಗ ಕರೆದು, ಬೇಕಾದಷ್ಟು ದಿನ ಇರಿಸಿಕೊಂಡು, ಬೇಡವಾದಾಗ ಬಿಡಬಹುದಾದ ಏರ್ಪಾಡು. ವಿಶ್ವೇಶ್ವರಯ್ಯನವರೂ ಹೈದರಾಬಾದಿನಲ್ಲಿ ಗಡುವಿನ ಮೇಲೆಯೇ ಇದ್ದರು, ಈ ಹುಡುಗನೂ ಗಡುವಿನ ಮೇಲೆಯೇ ಇದ್ದಾನೆ. ಆದರೆ ಅವರು ಬೇಡವೆಂದು ಎದ್ದುಹೋಗಬಲ್ಲವರಾಗಿದ್ದರು. ಮುಂಬಯಿಯ ಪಿಂಚಣಿ ಬೆನ್ನಿಗಿತ್ತು, ಮೈಸೂರಿನ ಕರೆ ಮುಂದಿತ್ತು.

ಪುಸ್ತಕದ ತರ್ಕವನ್ನೇ ಹಿಡಿದು ಹೇಳುವುದಾದರೆ, ಈ ಹುಡುಗನಿಗೆ ಬೇಕಾದದ್ದು ಖಾಯಂ ಹುದ್ದೆಯೇ ಎಂದು ನಾವು ಹಟ ಹಿಡಿಯುವುದಿಲ್ಲ. ಐದು ವರ್ಷದ ಒಂದೇ ಕರಾರು, ಸರಕಾರದ್ದೇ ಸಹಿ, ತಾನು ಮಾಡಿದ ಪರೀಕ್ಷೆಗೆ ತನ್ನದೇ ಹೆಸರು, ಕೊಟ್ಟ ವರದಿಯ ಕಾರಣಕ್ಕೆ ತೆಗೆಯಬಾರದೆಂಬ ಒಂದು ಸಾಲು. ಇಷ್ಟಕ್ಕೆ ಹೊಸ ಆಯೋಗವೇನೂ ಬೇಕಾಗಿಲ್ಲ.

ಹೊರಡುವಾಗ ಮೇಜಿನ ಮೇಲಿದ್ದ ಸರ್ ಎಂ. ವಿ. ಅವರ ಪುಸ್ತಕವನ್ನು ಕಂಡು ಕೇಳಿ ಒಯ್ದ. ಎರಡು ವಾರದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಾಗ ಹೈದರಾಬಾದಿನ ಅಧ್ಯಾಯದ ತನಕ ಬಂದಿದ್ದೇನೆ ಎಂದ. ಮೂರನೆಯ ಸಲ ತಪಾಸಿಸಿದ ಬಾವಿಯ ನೀರು ಮೊದಲಿನಂತೆಯೇ ಬಂದಿತ್ತು. ವರದಿ ಇನ್ನೂ ಸಾಹೇಬರ ಮೇಜಿನ ಮೇಲಿತ್ತು.